ಕಾಲು ಸುತ್ತಿನಲ್ಲಿ ಅರ್ಧ: ಮಡಚುವ ಚಾಕುವಿನ ಪಿವಟ್ ಬಿಚ್ಚಿ ಕೂರಿಸಿದ್ದು

ಈ ಚಾಕು ನಾಲ್ಕು ವರ್ಷದಿಂದ ನನ್ನ ಜೇಬಿನಲ್ಲಿದೆ. ಟೈಟಾನಿಯಂ ಹಿಡಿ, ಫ್ರೇಮ್ ಲಾಕ್ (ಹಿಡಿಯದೇ ಒಂದು ಪಟ್ಟಿ ಒಳಗೆ ಸರಿದು ತೆರೆದ ಅಲಗನ್ನು ತಡೆದು ನಿಲ್ಲಿಸುತ್ತದೆ), ಅಲಗಿನ ಎರಡೂ ಕಡೆ ಫಾಸ್ಫರ್ ಬ್ರಾಂಜ್ ವಾಷರ್. ಹೊಸದರಲ್ಲಿ ಹೆಬ್ಬೆರಳು ತಾಗಿಸಿದರೆ ಸಾಕು, ನೀರು ಹರಿದ ಹಾಗೆ ತೆರೆಯುತ್ತಿತ್ತು. ಹೋದ ತಿಂಗಳು ಎರಡು ತೊಂದರೆ ಒಟ್ಟಿಗೇ ಬಂದವು. ತೆರೆದು ಲಾಕ್ ಆದ ಮೇಲೂ ಅಲಗಿನ ತುದಿ ಎಡಕ್ಕೆ ಬಲಕ್ಕೆ ಆಡುತ್ತಿತ್ತು. ಮುಚ್ಚಿದಾಗ ಅಲಗು ನಡುವೆ ಕೂರದೆ ಒಂದು ಪಕ್ಕಕ್ಕೆ ವಾಲುತ್ತಿತ್ತು. ಹಿಡಿಯ ಒಳಮೈಗೆ ತಾಗುವುದಕ್ಕೆ ಕೂದಲೆಳೆಯಷ್ಟೇ ಬಾಕಿ.

ಪಿವಟ್ ಅಂದರೆ ಅಲಗು ತಿರುಗುವ ಕೀಲು. ಅದರ ಸ್ಕ್ರೂ ಸ್ವಲ್ಪ ಬಿಗಿ ಮಾಡಿದೆ. ಅಲುಗಾಟ ನಿಂತಿತು, ಆದರೆ ಅಲಗು ತೆರೆಯಲು ಹೆಬ್ಬೆರಳು ನೋಯುವಷ್ಟು ಗಟ್ಟಿಯಾಯಿತು. ಸ್ವಲ್ಪ ಸಡಿಲ ಮಾಡಿದೆ, ಅಲುಗಾಟ ವಾಪಸ್ ಬಂತು. ನಡುವಿನ ಜಾಗವೇ ಸಿಗಲಿಲ್ಲ. ಒಳ್ಳೆ ಚಾಕುವಿನಲ್ಲಿ ಆ ನಡುವಿನ ಜಾಗ ಇದ್ದೇ ಇರುತ್ತದೆ. ಅದು ಸಿಗುತ್ತಿಲ್ಲ ಅಂದರೆ ತಪ್ಪು ಸ್ಕ್ರೂವಿನದ್ದಲ್ಲ, ಒಳಗೆ ಇನ್ನೇನೋ ಆಗಿದೆ. ಬಿಚ್ಚಿ ನೋಡಲೇಬೇಕು ಅಂತ ಕೂತೆ. ಮೂರು ಸಂಜೆ ಹಿಡಿಯಿತು.

ಬಿಚ್ಚುವ ಮೊದಲು

ಅಲುಗಾಟದಲ್ಲಿ ಎರಡು ಥರ ಇದೆ. ಮೊದಲು ಅದನ್ನು ಬೇರೆ ಮಾಡಿಕೊಳ್ಳಬೇಕು. ಅಲಗನ್ನು ತೆರೆದು, ಲಾಕ್ ಮಾಡಿ, ಹಿಡಿಯನ್ನು ಒಂದು ಕೈಯಲ್ಲಿ ಗಟ್ಟಿಯಾಗಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಅಲಗಿನ ಬೆನ್ನಿನ ಕಡೆಯಿಂದ, ಬಾಯಿಗೆ ಬೆರಳು ತಾಗದ ಹಾಗೆ ಹಿಡಿದು ಎಡಬಲ ಅಲ್ಲಾಡಿಸಿ. ಇಲ್ಲಿ ಆಡಿದರೆ ಅದು ಪಿವಟ್ ಸಂಗತಿ. ಆಮೇಲೆ ಮೇಲೆ ಕೆಳಗೆ ಅಲ್ಲಾಡಿಸಿ. ಇಲ್ಲಿ ಆಡಿದರೆ ಲಾಕ್ ಬಾರ್ (ಅಲಗನ್ನು ತಡೆಯುವ ಆ ಪಟ್ಟಿ) ಅಲಗಿನ ಹಿಂಭಾಗಕ್ಕೆ ಸರಿಯಾಗಿ ಕೂರುತ್ತಿಲ್ಲ, ಇಲ್ಲವೇ ಅಲಗು ಬಂದು ತಾಗಿ ನಿಲ್ಲುವ ಸ್ಟಾಪ್ ಪಿನ್ ಸವೆದಿದೆ. ಪಿವಟ್ ಎಷ್ಟು ಬಿಗಿ ಮಾಡಿದರೂ ಅದು ಹೋಗುವುದಿಲ್ಲ. ಬಿಗಿ ಮಾಡಿ ಮುಚ್ಚಿಡುವುದಂತೂ ಬೇಡವೇ ಬೇಡ. ಲಾಕ್ ಕೈಕೊಟ್ಟರೆ ಅಲಗು ಬೆರಳಿನ ಮೇಲೆ ಮುಚ್ಚಿಕೊಳ್ಳುತ್ತದೆ. ಅಂಥ ಚಾಕುವನ್ನು ತಯಾರಕರಿಗೆ ಕಳಿಸಿಕೊಡುವುದೇ ಒಳ್ಳೆಯದು. ನನ್ನದು ಎಡಬಲ ಮಾತ್ರ ಆಡುತ್ತಿತ್ತು. ಸಮಾಧಾನ ಆಯಿತು.

ವಾಲಿದ್ದು ಎಷ್ಟು ಅಂತ ಅಳೆಯಲು ಒಂದು ಸುಲಭದ ದಾರಿ ಇದೆ. ಬರೆಯುವ ಕಾಗದದ ಚಿಕ್ಕ ಪಟ್ಟಿ ತಗೊಂಡು, ಮುಚ್ಚಿದ ಅಲಗಿನ ತುದಿಯ ಹತ್ತಿರ ಎರಡೂ ಕಡೆಯ ಸಂದಿಗೆ ತೂರಿಸಿ ನೋಡಿದೆ. ಲಾಕ್ ಬಾರ್ ಇರುವ ಕಡೆ ಎಂಟು ಪದರ ಮಡಚಿದ ಕಾಗದ ಆರಾಮಾಗಿ ಹೋಯಿತು. ಇನ್ನೊಂದು ಕಡೆ ಒಂದೇ ಪದರ, ಅದೂ ಉಜ್ಜಿಕೊಂಡು. ಇದನ್ನು ಬರೆದಿಟ್ಟುಕೊಂಡೆ.

ಲಾಕ್ ಬಾರ್‌ನಿಂದ ದೂರಕ್ಕೆ ವಾಲುವುದಕ್ಕೆ ಕಾರಣ ಇದೆ. ಲಾಕ್ ಬಾರ್‌ನ ಒಳಮೈಯಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಗುಂಡು ಇರುತ್ತದೆ. ಡಿಟೆಂಟ್ ಬಾಲ್ ಅಂತಾರೆ. ಮುಚ್ಚಿದ ಅಲಗು ತಾನಾಗಿ ತೆರೆದುಕೊಳ್ಳದ ಹಾಗೆ ಅದು ಅಲಗಿನ ಗುಳಿಯಲ್ಲಿ ಕೂತು ತಡೆಯುತ್ತದೆ. ಅದರ ಒತ್ತಡ ಯಾವಾಗಲೂ ಅಲಗನ್ನು ಇನ್ನೊಂದು ಪಕ್ಕಕ್ಕೆ ತಳ್ಳುತ್ತಲೇ ಇರುತ್ತದೆ. ವಾಷರ್‌ಗಳು ಎರಡೂ ಕಡೆ ಸಮನಾಗಿ ಹಿಡಿದುಕೊಂಡಿದ್ದರೆ ಅಲಗು ಜಗ್ಗುವುದಿಲ್ಲ. ಎಲ್ಲೋ ಸಡಿಲ ಸಿಕ್ಕಿತೋ, ಆ ಕಡೆಗೆ ವಾಲುತ್ತದೆ.

ಇನ್ನೊಂದು ಮಾತು. ಚಾಕು ಬಿಚ್ಚಿದರೆ ಕೆಲವು ಕಂಪನಿಗಳು ವಾರಂಟಿ ಕೊಡುವುದಿಲ್ಲ. ಕೆಲವರು ನೀವೇ ಬಿಚ್ಚಿ, ತೊಳೆದು ಕೂರಿಸಿ ಅಂತಾರೆ. ಕ್ರಿಸ್ ರೀವ್ ಅವರ ಸೆಬೆಂಜಾ ಚಾಕುವಿನ ಡಬ್ಬಿಯಲ್ಲಿ ಅಲೆನ್ ಕೀ ಕೂಡ ಇಟ್ಟಿರುತ್ತಾರೆ. ಫ್ರೇಮ್ ಲಾಕ್ ಅನ್ನುವುದನ್ನು ತಂದವರೇ ಅವರು. ನಿಮ್ಮ ಚಾಕುವಿನ ಜೊತೆ ಬಂದ ಕಾಗದ ಒಮ್ಮೆ ಓದಿಕೊಳ್ಳಿ. ವಿಕ್ಟೊರಿನಾಕ್ಸ್, ಒಪಿನೆಲ್ ಥರದ ಚಾಕುಗಳಲ್ಲಿ ಪಿವಟ್ ಜಾಗದಲ್ಲಿ ಸ್ಕ್ರೂ ಇಲ್ಲ, ರಿವೆಟ್ ಹೊಡೆದಿರುತ್ತಾರೆ. ಅವನ್ನು ಬಿಚ್ಚುವ ಪ್ರಶ್ನೆಯೇ ಇಲ್ಲ. ತೊಳೆದು, ಒಣಗಿಸಿ, ಎಣ್ಣೆ ಬಿಟ್ಟರೆ ಮುಗಿಯಿತು.

ಮೊದಲ ಸಂಜೆ: ಸ್ಕ್ರೂ ಸುಳ್ಳು ಹೇಳುತ್ತಿತ್ತು

ಅಲಗಿನ ಬಾಯಿಗೆ ಎರಡು ಸುತ್ತು ಮಾಸ್ಕಿಂಗ್ ಟೇಪ್ ಸುತ್ತಿದೆ. ಸ್ಕ್ರೂ ಬಿಚ್ಚುವಾಗ ಡ್ರೈವರ್ ಜಾರಿದರೆ ಕೈ ಹೋಗುವುದು ಅಲಗಿನ ಮೇಲಕ್ಕೇ ಅಲ್ವಾ. ಮೇಜಿನ ಮೇಲೆ ಬಿಳಿ ಟವೆಲ್ ಹಾಸಿದೆ. ಚಿಕ್ಕ ಸ್ಕ್ರೂ ಬಿದ್ದರೆ ಉರುಳುವುದಿಲ್ಲ, ಕಣ್ಣಿಗೂ ಕಾಣುತ್ತದೆ. ಮ್ಯಾಗ್ನೆಟ್ ಇರುವ ತಟ್ಟೆಯನ್ನು ನಂಬಿಕೊಳ್ಳಬೇಡಿ. ಫಾಸ್ಫರ್ ಬ್ರಾಂಜ್ ಆಗಲಿ ಟೈಟಾನಿಯಂ ಆಗಲಿ ಮ್ಯಾಗ್ನೆಟ್‌ಗೆ ಅಂಟುವುದಿಲ್ಲ.

ಪಿವಟ್‌ಗೆ ಟಿ8 ಟಾರ್ಕ್ಸ್, ಹಿಡಿಯ ಸ್ಕ್ರೂಗಳಿಗೆ ಟಿ6. ಆರು ಮೂಲೆಯ ಈ ನಕ್ಷತ್ರದ ತಲೆ 1967ರಲ್ಲಿ ಬಂದದ್ದು. ಬಿಟ್ ಸರಿಯಾಗಿ ತುಂಬಿಕೊಂಡರೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಸವೆದ ಬಿಟ್, ಇಲ್ಲವೇ ಒಂದು ಸೈಜ್ ಚಿಕ್ಕ ಬಿಟ್ ಹಾಕಿದರೆ ಒಂದೇ ಸಲಕ್ಕೆ ಮೂಲೆಗಳು ಉರುಟಾಗುತ್ತವೆ. ಒಳ್ಳೆ ಬಿಟ್‌ಗೆ ಹಣ ಹಾಕುವುದು ದುಂದು ಅಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸ್ಕ್ರೂ ತಲೆಯ ಗುಳಿಯಲ್ಲಿ ಜೇಬಿನ ಧೂಳು ಗಟ್ಟಿಯಾಗಿ ಕೂತಿರುತ್ತದೆ. ಸೂಜಿಯಿಂದ ಅದನ್ನು ತೆಗೆದ ಮೇಲೇ ಬಿಟ್ ಇಡಿ. ಇಲ್ಲದಿದ್ದರೆ ಬಿಟ್ ತಳದವರೆಗೂ ಇಳಿಯುವುದಿಲ್ಲ.

ಮೊದಲೇ ಅಂಟು ಹಾಕಿರುವ ಸ್ಕ್ರೂ ಬರದಿದ್ದರೆ ಬಲ ಹಾಕಬೇಡಿ. ಬಿಸಿಯಾದ ಸೋಲ್ಡರಿಂಗ್ ಐರನ್ ತುದಿಯನ್ನು ಸ್ಕ್ರೂ ತಲೆಯ ಮೇಲೆ ಅರ್ಧ ನಿಮಿಷ ಹಿಡಿದರೆ ಒಳಗಿನ ಅಂಟು ಮೆತ್ತಗಾಗುತ್ತದೆ. ಆಗ ತಿರುಗಿಸಿದರೆ ಬರುತ್ತದೆ. ಹಿಡಿ ಪ್ಲಾಸ್ಟಿಕ್ ಆಗಿದ್ದರೆ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.

ಪಿವಟ್ ಅಂದರೆ ಎರಡು ತುಂಡು. ಒಂದು ಕಡೆಯಿಂದ ಒಳಗೆ ಥ್ರೆಡ್ ಇರುವ ಕೊಳವೆ, ಇನ್ನೊಂದು ಕಡೆಯಿಂದ ಅದರೊಳಗೆ ಹೋಗುವ ಸ್ಕ್ರೂ. ಅಲಗು ತಿರುಗುವುದು ಆ ಕೊಳವೆಯ ಸುತ್ತ. ನನ್ನ ಚಾಕುವಿನಲ್ಲಿ ಕೊಳವೆಯ ಒಂದು ಮಗ್ಗುಲು ಚಪ್ಪಟೆ, ಹಿಡಿಯ ತೂತೂ ಹಾಗೇ ಇದೆ. ಅದಕ್ಕೆ ಕೊಳವೆ ಸುತ್ತುವುದಿಲ್ಲ. ಪೂರ್ತಿ ದುಂಡಗಿರುವ ಪಿವಟ್‌ನಲ್ಲಿ ಎರಡೂ ಒಟ್ಟಿಗೆ ಸುತ್ತುತ್ತಿರುತ್ತವೆ. ಆಗ ಎರಡೂ ಕಡೆ ಎರಡು ಡ್ರೈವರ್ ಹಿಡಿಯಬೇಕಾಗುತ್ತದೆ.

ಸ್ಕ್ರೂ ಬಿಚ್ಚುವಾಗಲೇ ಮೊದಲ ಸುಳಿವು ಸಿಕ್ಕಿತು. ಸಾಮಾನ್ಯವಾಗಿ ಮೊದಲ ಅರ್ಧ ಸುತ್ತು ಗಟ್ಟಿ, ಆಮೇಲೆ ಬೆರಳಲ್ಲೇ ಬರುತ್ತದೆ. ಇದು ಹಾಗಲ್ಲ. ಕೊನೆಯ ಎಳೆಯವರೆಗೂ ಕರಕರ ಅನ್ನುತ್ತಾ ಗಟ್ಟಿಯಾಗೇ ಬಂತು. ತೆಗೆದು ದೀಪದ ಕೆಳಗೆ ಹಿಡಿದೆ. ಥ್ರೆಡ್‌ಗಳ ನಡುವೆ ತಿಳಿ ನೀಲಿ ಬಣ್ಣದ ಪುಡಿ ತುಂಬಿಕೊಂಡಿತ್ತು. ಹಳೆಯ ಥ್ರೆಡ್ ಲಾಕರ್, ಅಂದರೆ ಸ್ಕ್ರೂ ತಾನಾಗಿ ಸಡಿಲವಾಗದ ಹಾಗೆ ಎಳೆಗಳಿಗೆ ಹಾಕುವ ಅಂಟು. ಒಂದು ವರ್ಷದ ಹಿಂದೆ ನಾನೇ ಹಾಕಿದ್ದು, ಅದರ ಹಿಂದಿನದನ್ನು ತೆಗೆಯದೆ ಅದರ ಮೇಲೇ ಹಾಕಿದ್ದೆ.

ಇದರ ಅರ್ಥ ಏನು ಅಂದರೆ, ಸ್ಕ್ರೂ ಬಿಗಿಯಾಯಿತು ಅಂತ ನನ್ನ ಕೈಗೆ ಅನಿಸುತ್ತಿದ್ದದ್ದು ವಾಷರ್‌ಗಳು ಒತ್ತಿಕೊಂಡಿದ್ದರಿಂದ ಅಲ್ಲ. ಥ್ರೆಡ್‌ನಲ್ಲಿ ಪುಡಿ ಸಿಕ್ಕಿಕೊಂಡು ತಿರುಪು ಭಾರವಾಗಿತ್ತು. ಹೀಗಿದ್ದಾಗ ಡ್ರೈವರ್ ಹಿಡಿದ ಕೈಗೆ ಬರುವ ಯಾವ ಸುದ್ದಿಯನ್ನೂ ನಂಬುವ ಹಾಗಿಲ್ಲ. ಅಳತೆ ಕೋಲೇ ತಪ್ಪಾದ ಹಾಗೆ.

ಅವತ್ತು ಅಷ್ಟೇ ಕೆಲಸ. ಸ್ಕ್ರೂ ಮತ್ತು ಕೊಳವೆ ಎರಡನ್ನೂ ಐಸೋಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಹಾಕಿ ಮಲಗಿದೆ.

ಎರಡನೇ ಸಂಜೆ: ವಾಷರ್

ಆಲ್ಕೊಹಾಲ್ ಎಣ್ಣೆ ಜಿಡ್ಡನ್ನು ತೆಗೆಯುತ್ತದೆ, ಗಟ್ಟಿಯಾದ ಅಂಟನ್ನು ಕರಗಿಸುವುದಿಲ್ಲ. ಸ್ಕ್ರೂವಿನ ಎಳೆಗಳನ್ನು ಹಿತ್ತಾಳೆ ಬ್ರಷ್‌ನಿಂದ ಉಜ್ಜಿದೆ. ಕೊಳವೆಯ ಒಳಗಿನ ಪುಡಿಯನ್ನು ಮರದ ಹಲ್ಲುಕಡ್ಡಿಯಿಂದ ಎಳೆ ಎಳೆಯಾಗಿ ಕೆರೆದೆ. ಉಕ್ಕಿನ ಸೂಜಿ ಬೇಡ, ಥ್ರೆಡ್ ಗೀಚುತ್ತದೆ. ಇದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು. ಕೊನೆಗೆ ಸ್ಕ್ರೂ ತನ್ನ ಭಾರಕ್ಕೇ ಇಳಿಯುತ್ತದೆಯೋ ಅನ್ನುವಷ್ಟು ಸಲೀಸಾಗಿ ಕೊಳವೆಯೊಳಗೆ ತಿರುಗಿತು.

ಇಷ್ಟಾದ ಮೇಲೆ ವಾಷರ್‌ಗಳನ್ನು ಒರೆಸಿ ಬಿಳಿ ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟೆ. ನಿಜವಾದ ಕಾರಣ ಇಲ್ಲಿತ್ತು.

ಫಾಸ್ಫರ್ ಬ್ರಾಂಜ್ ಅಂದರೆ ತಾಮ್ರಕ್ಕೆ ತವರ ಮತ್ತು ಚೂರು ರಂಜಕ ಸೇರಿಸಿದ್ದು. ಉಕ್ಕಿಗಿಂತ ಮೆತ್ತಗೆ. ಅದಕ್ಕೇ ಅಲಗನ್ನು ಸವೆಸದೆ ತಾನೇ ಸವೆದು ಹೊಂದಿಕೊಳ್ಳುತ್ತದೆ. ಚೆನ್ನಾಗಿ ಪಳಗಿದ ವಾಷರ್‌ನಲ್ಲಿ ಸುತ್ತಲೂ ಒಂದೇ ಥರದ ಹೊಳಪಿನ ಬಳೆ ಕಾಣಬೇಕು. ಒಂದು ವಾಷರ್ ಹಾಗೇ ಇತ್ತು. ಇನ್ನೊಂದರಲ್ಲಿ ಕಾಲು ಭಾಗ ಮಾತ್ರ ಕನ್ನಡಿಯ ಹಾಗೆ ಹೊಳೆಯುತ್ತಿತ್ತು, ಉಳಿದ ಮುಕ್ಕಾಲು ಭಾಗ ಕಂದು ಬಣ್ಣದಲ್ಲೇ ಉಳಿದಿತ್ತು. ಅಂದರೆ ಅಲಗಿಗೆ ತಾಗುತ್ತಿದ್ದದ್ದು ಆ ಕಾಲು ಭಾಗ ಮಾತ್ರ.

ಹೊಳೆಯುವ ಜಾಗದ ಒಳಅಂಚನ್ನು ಉಗುರಿನಿಂದ ಸವರಿದೆ. ಉಗುರು ತಡೆಯಿತು. ತೂತಿನ ಅಂಚಿನಲ್ಲಿ ಲೋಹ ಎದ್ದುಕೊಂಡಿತ್ತು, ಮೊಳೆ ಹೊಡೆದ ತಗಡಿನ ಹಿಂಬದಿ ಎದ್ದ ಹಾಗೆ, ಆದರೆ ಅಷ್ಟು ಚಿಕ್ಕದು ಕಣ್ಣಿಗೆ ಕಾಣುವುದಿಲ್ಲ. ಬೆರಳ ತುದಿಗೂ ಗೊತ್ತಾಗಲಿಲ್ಲ, ಉಗುರಿಗೆ ಮಾತ್ರ ಸಿಕ್ಕಿತು. ಹೋದ ಸಲ ಕೂರಿಸುವಾಗ ಈ ವಾಷರ್ ಕೊಳವೆಯ ಸುತ್ತ ಪೂರ್ತಿ ಇಳಿಯದೆ ಓರೆಯಾಗಿ ನಿಂತಿದ್ದಿರಬೇಕು. ಅದರ ಮೇಲೇ ಸ್ಕ್ರೂ ಬಿಗಿ ಮಾಡಿದ್ದೇನೆ. ಕೊಳವೆಯ ಅಂಚು ವಾಷರ್ ಅನ್ನು ಕಚ್ಚಿದೆ.

ಈಗ ಎಲ್ಲ ಹೊಂದಿಕೊಂಡಿತು. ಬಿಗಿ ಮಾಡಿದರೆ ಆ ಎದ್ದ ಜಾಗ ಒಂದೇ ಕಡೆ ಒತ್ತಿ ಅಲಗು ಸಿಕ್ಕಿಕೊಳ್ಳುತ್ತಿತ್ತು. ಸಡಿಲ ಮಾಡಿದರೆ ಉಳಿದ ಮುಕ್ಕಾಲು ಭಾಗದಲ್ಲಿ ಹಿಡಿತವೇ ಇಲ್ಲ, ಅಲಗು ಆಡುತ್ತಿತ್ತು. ನಡುವಿನ ಜಾಗ ಎಲ್ಲಿಂದ ಸಿಗಬೇಕು?

ಕಿಟಕಿ ಗಾಜಿನ ಒಂದು ತುಂಡು ತಗೊಂಡೆ. ಗಾಜಿನಷ್ಟು ಸಮತಟ್ಟು ಮನೆಯಲ್ಲಿ ಇನ್ಯಾವುದೂ ಸಿಗುವುದಿಲ್ಲ. ಅದರ ಮೇಲೆ 2000 ನಂಬರಿನ ವಾಟರ್ ಪೇಪರ್ ಇಟ್ಟು, ಎರಡು ಹನಿ ಎಣ್ಣೆ ಬಿಟ್ಟು, ವಾಷರ್ ಅನ್ನು ಒಂದೇ ಬೆರಳಿನಿಂದ ಒತ್ತಿ 8ರ ಆಕಾರದಲ್ಲಿ ಆಡಿಸಿದೆ. ಒತ್ತಡ ಅಂದರೆ ಬೆರಳಿನ ಭಾರ ಅಷ್ಟೇ. ಹತ್ತು ಸಲ ಆದ ಮೇಲೆ ವಾಷರ್ ತಿರುಗಿಸಿ ಹಿಡಿಯಬೇಕು, ಇಲ್ಲದಿದ್ದರೆ ಒಂದು ಕಡೆ ಜಾಸ್ತಿ ಸವೆಯುತ್ತದೆ. ಎರಡೂ ಮೈ ಸೇರಿ ಅರವತ್ತು ಸಲ ಆಡಿಸಿರಬಹುದು. ಉಗುರು ಆಮೇಲೆ ತಡೆಯಲಿಲ್ಲ. ಕ್ಯಾಲಿಪರ್‌ನಲ್ಲಿ ಮೊದಲೂ 0.50 ಮಿ.ಮೀ., ಆಮೇಲೂ 0.50 ಮಿ.ಮೀ. ಹಾಗೇ ಇರಬೇಕು. ಇಲ್ಲಿ ತೆಗೆಯುತ್ತಿರುವುದು ಎದ್ದ ಮುಳ್ಳನ್ನು, ವಾಷರ್ ಅನ್ನು ತೆಳ್ಳಗೆ ಮಾಡುತ್ತಿಲ್ಲ. ತೂತಿನ ಅಂಚನ್ನು ಮಡಚಿದ ವಾಟರ್ ಪೇಪರ್‌ನಿಂದ ಎರಡು ಸುತ್ತು ಸವರಿ ಬಿಟ್ಟೆ.

ಬೇರಿಂಗ್ ಇರುವ ಚಾಕುವಿಗೆ ಈ ಉಜ್ಜಾಟ ಬೇಡ. ಅಲ್ಲಿ ಗುಂಡುಗಳು ಒಂದು ಪಂಜರದೊಳಗೆ ಕೂತಿರುತ್ತವೆ. ಅದನ್ನು ಹಾಗೇ ಆಲ್ಕೊಹಾಲ್‌ನಲ್ಲಿ ಅಲ್ಲಾಡಿಸಿ ತೊಳೆದು ಒಣಗಿಸಿದರೆ ಸಾಕು. ಆದರೆ ಬಿಗಿ ಮಾಡುವಾಗ ಎಚ್ಚರ. ಗುಂಡು ತಾಗುವುದು ಚುಕ್ಕಿಯಷ್ಟು ಜಾಗಕ್ಕೆ. ಅದರ ಕೆಳಗೆ ಗಟ್ಟಿ ಉಕ್ಕಿನ ವಾಷರ್ ಇಲ್ಲದೆ ನೇರ ಟೈಟಾನಿಯಂ ಇದ್ದರೆ, ಜಾಸ್ತಿ ಬಿಗಿಗೆ ಗುಂಡಿಯ ಹಾಗೆ ಗುರುತು ಬೀಳುತ್ತದೆ. ಆಮೇಲೆ ಅಲಗು ತಿರುಗುವಾಗ ಗುಳಿ ಗುಳಿ ಹತ್ತಿ ಇಳಿದ ಹಾಗೆ ಅನಿಸುತ್ತದೆ. ಅದನ್ನು ಸರಿ ಮಾಡುವುದು ಕಷ್ಟ.

ಮೂರನೇ ಸಂಜೆ: ಕೂರಿಸುವುದು

ಎಣ್ಣೆ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಡಬ್ಲ್ಯೂಡಿ-40 ಹೊಡೆದರೆ ಆಯಿತು ಅನ್ನುವವರು ಬಹಳ. 1953ರಲ್ಲಿ ಅದನ್ನು ಮಾಡಿದ್ದು ನೀರನ್ನು ದೂಡಲು. ಹೆಸರಿನ ಎರಡು ಅಕ್ಷರದ ಅರ್ಥವೂ ಅದೇ, ನಲವತ್ತು ಅಂದರೆ ನಲವತ್ತನೇ ಪ್ರಯತ್ನ. ಕೊಳೆ ತೊಳೆಯಲು ಚೆನ್ನಾಗಿದೆ. ಪಿವಟ್‌ನಲ್ಲಿ ಬಹಳ ದಿನ ಉಳಿಯುವ ಎಣ್ಣೆ ಅದಲ್ಲ. ಅಡುಗೆ ಎಣ್ಣೆಯಂತೂ ಬೇಡ, ಗಾಳಿಗೆ ಅಂಟಂಟಾಗಿ ಕೊನೆಗೆ ಗೋಂದಿನ ಹಾಗೆ ಆಗುತ್ತದೆ. ಹೊಲಿಗೆ ಮಷಿನ್ನಿನ ತೆಳು ಎಣ್ಣೆ ಒಳ್ಳೆ ಕೆಲಸ ಮಾಡುತ್ತದೆ. ಹಣ್ಣು ತರಕಾರಿ ಹೆಚ್ಚುವ ಚಾಕು ಆದರೆ ಫುಡ್ ಗ್ರೇಡ್ ಮಿನರಲ್ ಆಯಿಲ್ ಹಾಕಿ. ಎಷ್ಟು? ಸೂಜಿಯ ತುದಿಯಲ್ಲಿ ನಿಲ್ಲುವ ಒಂದು ಹನಿ, ಒಂದೊಂದು ವಾಷರ್‌ಗೆ. ಜಾಸ್ತಿ ಹಾಕಿದರೆ ಜೇಬಿನ ನೂಲು, ಧೂಳು ಎಲ್ಲ ಅಲ್ಲೇ ಬಂದು ಅಂಟುತ್ತವೆ.

ಕೊಳವೆ ಇರುವ ಹಿಡಿಯ ಭಾಗವನ್ನು ಕೆಳಗಿಟ್ಟೆ. ವಾಷರ್ ಇಳಿಸಿ, ಬೆರಳಿನಿಂದ ತಿರುಗಿಸಿ ನೋಡಿದೆ, ತಳ ಮುಟ್ಟಿದೆಯಾ ಅಂತ. ಅಲಗು, ಸ್ಟಾಪ್ ಪಿನ್, ಮೇಲಿನ ವಾಷರ್. ಈ ಮೇಲಿನ ವಾಷರ್ ಹತ್ತಿರ ಒಂದು ನಿಮಿಷ ಜಾಸ್ತಿ ನಿಂತೆ. ಹಲ್ಲುಕಡ್ಡಿಯಿಂದ ಸುತ್ತಲೂ ಒತ್ತಿ, ಎಲ್ಲೂ ಎದ್ದಿಲ್ಲ ಅಂತ ನೋಡಿಕೊಂಡ ಮೇಲೇ ಇನ್ನೊಂದು ಹಿಡಿ ಮುಚ್ಚಿದೆ. ಲಾಕ್ ಬಾರ್‌ನ ಗುಂಡು ಅಲಗಿನ ಮೇಲೆ ಏರಬೇಕು, ಅಲ್ಲಿ ಸ್ವಲ್ಪ ಒತ್ತಬೇಕಾಗುತ್ತದೆ. ಎಲ್ಲ ಸ್ಕ್ರೂಗಳನ್ನೂ ಬೆರಳಲ್ಲಿ ಹಿಡಿದಷ್ಟೇ ಹಾಕಿದೆ, ಯಾವುದನ್ನೂ ಬಿಗಿ ಮಾಡಲಿಲ್ಲ.

ನಡುವೆ ಕೂರಿಸುವ ಕೆಲಸ ಈಗಲೇ ಆಗಬೇಕು. ಅಲಗು ಮುಚ್ಚಿ, ಎರಡೂ ಕಡೆಯ ಸಂದಿಗೆ ನಾಲ್ಕು ನಾಲ್ಕು ಪದರದ ಕಾಗದ ತೂರಿಸಿದೆ. ಹಾಗೇ ಹಿಡಿದುಕೊಂಡು ಮೊದಲು ಪಿವಟ್ ಅರೆಬಿಗಿ, ಆಮೇಲೆ ಹಿಡಿಯ ಸ್ಕ್ರೂಗಳು. ಟಿ6 ಸ್ಕ್ರೂ ಬಲು ಚಿಕ್ಕದು. ಡ್ರೈವರ್ ಅನ್ನು ಎರಡೇ ಬೆರಳಲ್ಲಿ ಹಿಡಿದು ನಿಂತಲ್ಲಿಗೆ ನಿಲ್ಲಿಸಿ, ಮುಷ್ಟಿ ಕಟ್ಟಿ ತಿರುಗಿಸಬೇಡಿ.

ಇನ್ನು ಪಿವಟ್ ಹೊಂದಿಸುವುದು. ಒಂದು ಲೆಕ್ಕ ತಲೆಯಲ್ಲಿಟ್ಟುಕೊಳ್ಳಿ. ಸಾಮಾನ್ಯ ಎಂ3 (3 ಮಿ.ಮೀ. ದಪ್ಪದ) ಸ್ಕ್ರೂ ಪೂರ್ತಿ ಒಂದು ಸುತ್ತಿಗೆ 0.5 ಮಿ.ಮೀ. ಮುಂದೆ ಹೋಗುತ್ತದೆ. ಕಾಲು ಸುತ್ತಿನಲ್ಲಿ ಅರ್ಧ ತಿರುಗಿಸಿದರೆ ಸುಮಾರು 0.06 ಮಿ.ಮೀ., ಒಂದು ತಲೆಕೂದಲಿನ ದಪ್ಪ. ಪಿವಟ್ ಥ್ರೆಡ್ ಎಲ್ಲ ಚಾಕುವಿನಲ್ಲೂ ಇದೇ ಅಲ್ಲ, ಆದರೆ ಇಷ್ಟು ಚಿಕ್ಕ ಅಳತೆಯಲ್ಲೇ ಎಲ್ಲ ನಡೆಯುತ್ತದೆ. ಕಾಲು ಸುತ್ತು ಅಂದರೇ ದೊಡ್ಡ ಹೆಜ್ಜೆ.

ಅಲಗು ಕಷ್ಟಪಟ್ಟು ಚಲಿಸುವವರೆಗೆ ಬಿಗಿ ಮಾಡಿದೆ. ಇಪ್ಪತ್ತು ಸಲ ತೆರೆದು ಮುಚ್ಚಿದೆ, ವಾಷರ್‌ಗಳು ಕೂರಲಿ ಅಂತ. ಆಮೇಲೆ ಕಾಲು ಸುತ್ತಿನಲ್ಲಿ ಅರ್ಧ ಹಿಂದಕ್ಕೆ. ತೆರೆದು ತುದಿ ಅಲ್ಲಾಡಿಸಿ ನೋಡುವುದು. ಮತ್ತೆ ಅಷ್ಟೇ ಹಿಂದಕ್ಕೆ. ಮೂರನೇ ಸಲಕ್ಕೆ ಅಲಗು ಹಗುರಾಯಿತು. ತುದಿ ಅಲ್ಲಾಡಲಿಲ್ಲ. ನಾಲ್ಕನೇ ಸಲ ಮತ್ತೂ ಹಗುರ, ಆದರೆ ತುದಿಯಲ್ಲಿ ಟಿಕ್ ಅಂತ ಸಣ್ಣ ಸದ್ದು. ಮೂರಕ್ಕೆ ವಾಪಸ್ ಬಂದೆ. ಹಿಂದಿನ ವಾರ ಎಷ್ಟು ಹುಡುಕಿದರೂ ಸಿಗದ ನಡುವಿನ ಜಾಗ ಇದೇ. ಲಾಕ್ ಬಾರ್ ಒತ್ತಿ ಹಿಡಿದು, ಬೆರಳುಗಳನ್ನು ದಾರಿಯಿಂದ ದೂರ ಇಟ್ಟು, ಚಾಕುವನ್ನು ಮೆಲ್ಲಗೆ ಕುಲುಕಿದರೆ ಅಲಗು ತಾನೇ ಇಳಿಯುತ್ತಿತ್ತು. ಕುಲುಕದೆಯೇ ಗಿಲೊಟಿನ್ ಥರ ಬೀಳಬೇಕು ಅಂತ ಕೆಲವರಿಗೆ ಆಸೆ. ನನಗೆ ಬೇಡ. ವಾಷರ್ ಚಾಕುವಿಗೆ ಸ್ವಲ್ಪ ಹಿಡಿತ ಇದ್ದರೇ ಚೆಂದ, ಕೈಗೂ ಕ್ಷೇಮ.

ಎಲ್ಲ ಚಾಕುವಿಗೂ ಈ ಹುಡುಕಾಟ ಬೇಕಿಲ್ಲ. ದೊಡ್ಡ ಸೆಬೆಂಜಾ 21ರಲ್ಲಿ ಪಿವಟ್ ಸುತ್ತ ಒಂದು ಬುಶ್, ಅಂದರೆ ಲೋಹದ ಚಿಕ್ಕ ಕೊಳವೆ ಇದೆ. ಅದರ ಉದ್ದವನ್ನು ಅಲಗು ಮತ್ತು ವಾಷರ್‌ಗಳ ದಪ್ಪಕ್ಕೆ ಸರಿಯಾಗಿ ಕಡೆದಿದ್ದಾರೆ. ಸ್ಕ್ರೂ ಪೂರ್ತಿ ಬಿಗಿ ಮಾಡಿದರೂ ಒತ್ತಡ ಬುಶ್ ಮೇಲೆ ಹೋಗುತ್ತದೆ, ಅಲಗಿನ ಮೇಲೆ ಬರುವುದಿಲ್ಲ. ಅಂಥ ಕೆಲಸ ಕಂಡಾಗ ನನಗೆ ಕೈ ಮುಗಿಯಬೇಕು ಅನಿಸುತ್ತದೆ.

ಇನ್ನು ಅಂಟು. ಹೊಂದಿಸುತ್ತಾ ಕೂತರೆ ಅಂಟು ಅರ್ಧದಲ್ಲೇ ಹಿಡಿದುಬಿಡುತ್ತದೆ. ಅದಕ್ಕೆ ನಾನು ಮಾಡುವುದು ಹೀಗೆ. ಅಂಟಿಲ್ಲದೆ ಹೊಂದಿಸಿದ ಮೇಲೆ, ಸ್ಕ್ರೂ ತಲೆಯಿಂದ ಹಿಡಿಯವರೆಗೆ ಮಾರ್ಕರ್‌ನಲ್ಲಿ ಒಂದು ಸಣ್ಣ ಗೆರೆ ಎಳೆಯುತ್ತೇನೆ. ಎಷ್ಟು ಸುತ್ತಿಗೆ ಸ್ಕ್ರೂ ಹೊರಗೆ ಬಂತು ಅಂತ ಎಣಿಸಿಕೊಂಡು ತೆಗೆಯುತ್ತೇನೆ. ಎಣ್ಣೆ ಇಲ್ಲದ ಹಾಗೆ ಎಳೆಗಳನ್ನು ಒರೆಸಿ, ಹಲ್ಲುಕಡ್ಡಿಯ ತುದಿಯಲ್ಲಿ ನೀಲಿ ಬಣ್ಣದ ಲಾಕ್‌ಟೈಟ್ 243 ತಗೊಂಡು ಸ್ಕ್ರೂವಿನ ತುದಿಯ ಎರಡು ಎಳೆಗೆ ಮಾತ್ರ ಸವರುತ್ತೇನೆ. ಅಷ್ಟೇ ಸುತ್ತು ವಾಪಸ್ ಹಾಕಿದರೆ ಗೆರೆ ಗೆರೆಗೆ ಕೂಡುತ್ತದೆ. ಹೆಚ್ಚು ಹಾಕಿದರೆ ಹರಿದು ವಾಷರ್‌ಗೆ ಹೋಗಿ ಅಲಗನ್ನೇ ಹಿಡಿದುಬಿಡುತ್ತದೆ. ಕೆಂಪು ಬಣ್ಣದ್ದನ್ನು ಚಾಕುವಿನ ಹತ್ತಿರ ತರಲೇಬೇಡಿ, ಅದನ್ನು ಬಿಚ್ಚಲು ಬಹಳ ಬಿಸಿ ಬೇಕು. ಹಿಡಿಯ ಪುಟ್ಟ ಸ್ಕ್ರೂಗಳಿಗೆ ನೇರಳೆ ಬಣ್ಣದ 222 ಸಾಕು.

ಈ ಅಂಟು ಗಾಳಿಗೆ ಒಣಗುವಂಥದ್ದಲ್ಲ. ಗಾಳಿ ಸಿಗದೆ, ಲೋಹ ತಾಗಿದಾಗ ಗಟ್ಟಿಯಾಗುತ್ತದೆ. ಟೈಟಾನಿಯಂ ಥರದ ಲೋಹದ ಮೇಲೆ ನಿಧಾನ. ಪೂರ್ತಿ ಒಂದು ದಿನ ಚಾಕುವನ್ನು ಮುಟ್ಟದೆ ಇಟ್ಟೆ.

ಎರಡು ವಾರ ಆದ ಮೇಲೆ

ದಿನಾ ಬಳಸಿದ ಮೇಲೆ ಮತ್ತೆ ನೋಡಿದೆ. ಮಾರ್ಕರ್ ಗೆರೆ ಕದಲಿಲ್ಲ. ತುದಿಯಲ್ಲಿ ಅಲುಗಾಟ ಇಲ್ಲ. ಅಲಗು ಮೊದಲಿಗಿಂತ ಇನ್ನೂ ಸ್ವಲ್ಪ ಹಗುರವಾಗಿದೆ, ಉಜ್ಜಿದ ವಾಷರ್ ಹೊಸದಾಗಿ ಪಳಗುತ್ತಿದೆ. ಪಿವಟ್ ಸಂದಿಯಿಂದ ಕಪ್ಪು ಎಣ್ಣೆ ಚೂರು ಹೊರಗೆ ಬಂದಿತ್ತು. ಅದು ಬ್ರಾಂಜ್ ಸವೆದ ಪುಡಿ, ಹೆದರುವಂಥದ್ದಲ್ಲ. ಕಾಗದದ ಮೂಲೆಯಿಂದ ಒರೆಸಿ, ಬಿಚ್ಚದೆಯೇ ಒಂದು ಹನಿ ಹೊಸ ಎಣ್ಣೆ ಸಂದಿಗೆ ಬಿಟ್ಟು ಹತ್ತು ಸಲ ತೆರೆದು ಮುಚ್ಚಿದೆ. ಎರಡನೇ ಸಲ ಒರೆಸುವಾಗ ಎಣ್ಣೆ ತಿಳಿಯಾಗಿತ್ತು.

ಕಾಗದದ ಪಟ್ಟಿ ತಗೊಂಡು ಮತ್ತೊಮ್ಮೆ ಸಂದಿ ನೋಡಿದೆ. ಲಾಕ್ ಬಾರ್ ಕಡೆ ಐದು ಪದರ, ಇನ್ನೊಂದು ಕಡೆ ನಾಲ್ಕು.